ರಸ್ತೆಗೆ ಮುಖ ಮಾಡಿದ ಹಗ್ಗ

ಗಂಜಿಯಮ್ಮ ಇಸ್ತ್ರಿ ಮಾಡಿದ ಅಂಗಿಯನ್ನು ನೆಲದ ಮೇಲಿಟ್ಟರೆ ಅದು ತಾನಾಗಿ ಎದ್ದು ನಿಂತು ಸಲಾಮು ಹೊಡೆಯುತ್ತದೆ ಎಂದು ಶಿಬಿರದ ಸಿಪಾಯಿಗಳು ತಮಾಷೆ ಮಾಡುತ್ತಿದ್ದರು. ಆ ಹೆಸರು ಅವಳಿಗೆ ಬಂದದ್ದೂ ಬಟ್ಟೆಗೆ ಹಾಕುವ ಗಂಜಿಯಿಂದಲೇ. ಅವಳ ಗಂಡ ಶಿಬಿರದ ಬಾಯ್ಲರು ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡಾಗ ಯಾರೋ ಪುಣ್ಯಾತ್ಮರು ಒಂದು ಮಾತು ಹೇಳಿದ್ದರಿಂದ ಸೈನಿಕರ ಬಟ್ಟೆ ಒಗೆಯುವ ಕೆಲಸ ಅವಳ ಪಾಲಿಗೆ ಬಂತು. ಕೈಗೂಸನ್ನು ಮಡಚಿದ ಕಂಬಳಿಗಳ ಮೇಲೆ ಮಲಗಿಸಿ ಒಗೆಯುವ ಕಲ್ಲಿನ ಮುಂದೆ ನಿಂತಳು. ಆ ಕೂಸು ಬೆಳೆದು, ಮದುವೆಯಾಗಿ, ಈಗ ತುಂಬು ಗರ್ಭಿಣಿ. ಗಂಜಿಯಮ್ಮ ಮಾತ್ರ ಇನ್ನೂ ಅದೇ ಕಲ್ಲಿನ ಮುಂದೆ ನಿಂತಿದ್ದಳು.

ಅವಳ ಮನೆ ಶಿಬಿರದಿಂದ ಪೇಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಎರಡು ಕೋಣೆ, ಮುಂದೆ ಒಂದು ಅಂಗಳ, ಹಿಂದೆ ಒಂದು ಅಂಗಳ. ಸೈನಿಕರ ಬಟ್ಟೆಯನ್ನು ಹಿಂದಿನ ಅಂಗಳದಲ್ಲೇ ಒಣಗಿಸಬೇಕು ಎಂಬುದು ಕಟ್ಟುನಿಟ್ಟಿನ ಆಜ್ಞೆ. ಹಿಂದೊಮ್ಮೆ ಬಿಸಿಲು ಚೆನ್ನಾಗಿದೆಯೆಂದು ನಾಲ್ಕು ಪ್ಯಾಂಟುಗಳನ್ನು ಮುಂದೆ ಹರವಿದ್ದಕ್ಕೆ ಉಗ್ರಾಣದ ಜಮೇದಾರ ಓಡಿಬಂದು ಅವಳನ್ನು ತರಾಟೆಗೆ ತೆಗೆದುಕೊಂಡಿದ್ದ.

"ನಿನಗೆ ಬುದ್ಧಿ ನೆಟ್ಟಗಿದೆಯಾ? ರಸ್ತೇಲಿ ಹೋಗೋವ್ರು ಅಂಗಿ ಎಣಿಸಿ, ಒಳಗೆ ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕಿಬಿಡ್ತಾರೆ!"

"ಒಂದು ಪ್ಯಾಂಟಿಗೆ ಒಬ್ಬ ಅಂತ ಯಾರು ಹೇಳಿದ್ರು? ನಿನ್ನದೇ ಮೂರಿದೆ, ಅದರಲ್ಲಿ ಎರಡಕ್ಕೆ ಗುಂಡಿಯಿಲ್ಲ" ಎಂದು ಅವಳೂ ಬಿಟ್ಟಿರಲಿಲ್ಲ. ಆದರೆ ಅಂದಿನಿಂದ ಮುಂದಿನ ಹಗ್ಗದ ಮೇಲೆ ತನ್ನ ಸೀರೆ ಬಿಟ್ಟು ಬೇರೇನನ್ನೂ ಹಾಕಿರಲಿಲ್ಲ.

ಊರಿನಿಂದ ಆಚೆಗೆ ಹೋಗಲು ಇದ್ದದ್ದು ಎರಡೇ ದಾರಿ. ಒಂದು ಗುಡ್ಡ ಹತ್ತಿ ಹೋಗುವುದು, ಇನ್ನೊಂದು ಹಳೇ ಸೇತುವೆಯ ಮೇಲಿಂದ ಹೊಳೆ ದಾಟುವುದು. ಎರಡರ ತುದಿಯಲ್ಲೂ ಸೈನ್ಯದ ಶತ್ರುಗಳು, ಊರವರ ಬಾಯಲ್ಲಿ ಆಚೆಯವರು, ಬಂದೂಕು ಹಿಡಿದು ಕೂತಿದ್ದರು. ಸೈನ್ಯ ಒಂದಲ್ಲ ಒಂದು ದಿನ ಹೊರಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ದಾರಿ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಂಜಿಯಮ್ಮನ ಮಗಳನ್ನು ಕೊಟ್ಟಿದ್ದ ಮನೆ ಸೇತುವೆ ಬೀದಿಯಲ್ಲಿತ್ತು. ತಾರಸಿಯ ಮೇಲೆ ನಿಂತರೆ ಹೊಳೆ ಕಾಣುತ್ತಿತ್ತು. ಆಸ್ಪತ್ರೆ ಅದೇ ಬೀದಿಯ ಕೊನೆಯಲ್ಲಿ ಇದ್ದುದರಿಂದ ಹೆರಿಗೆ ಗಂಡನ ಮನೆಯಲ್ಲೇ ಎಂದು ಎರಡೂ ಕಡೆಯವರು ಎಂದೋ ಮಾತಾಡಿಕೊಂಡಿದ್ದರು. ಬೀಗಿತ್ತಿ ಅದನ್ನು ಬೀದಿಗೆಲ್ಲ ಸಾರಿಯೂ ಬಿಟ್ಟಿದ್ದಳು.

ಶಿಬಿರದಲ್ಲಿ ಬಂದೂಕು ಹಿಡಿದದ್ದನ್ನು ಯಾರೂ ಕಾಣದ ಒಬ್ಬ ಅಧಿಕಾರಿ ಇದ್ದ. ಸಣಕಲು ಮನುಷ್ಯ, ಮೆಲುಮಾತು. ಮೈಕು ಕಟ್ಟಿದ ವ್ಯಾನು, ಗೋಡೆಗಳ ಮೇಲೆ ಅಂಟಿಸುವ ಹಾಳೆಗಳು, ಶಾಲೆಯ ಮೈದಾನದಲ್ಲಿ ಪುಕ್ಕಟೆ ಸಿನಿಮಾ, ಎಲ್ಲವೂ ಅವನ ಉಸ್ತುವಾರಿ. ಊರವರು ಅವನಿಗೆ ಸುದ್ದಿ ಸಾಹೇಬ ಎಂದು ಹೆಸರಿಟ್ಟಿದ್ದರು. ಉಳಿದ ಅಧಿಕಾರಿಗಳ ಅಂಗಿಗಳಲ್ಲಿ ಬೆವರು, ಎಣ್ಣೆ, ಮದ್ದಿನ ವಾಸನೆ ಇರುತ್ತಿತ್ತು. ಇವನ ಅಂಗಿಯಲ್ಲಿ ಏನೂ ಇರುತ್ತಿರಲಿಲ್ಲ. ತೊಳೆಯುವವಳಿಗೆ ಅದು ಸುಲಭವೇ. ಆದರೂ ಏನನ್ನೂ ಹೇಳದ ಆ ಅಂಗಿಯನ್ನು ಕಂಡರೆ ಗಂಜಿಯಮ್ಮನಿಗೆ ಒಂಥರಾ ಆಗುತ್ತಿತ್ತು.

ಆ ಸಾಹೇಬ ಒಂದು ಬೆಳಿಗ್ಗೆ ತಾನೇ ಬಂದ. ಹಿಂದೆ ಜಮೇದಾರ, ಅವನ ಹಿಂದೆ ಕೈಗಾಡಿಯ ತುಂಬ ಉಣ್ಣೆಯ ಕೋಟುಗಳು. ಗುಡ್ಡದ ಚಳಿಗೆ ತೊಡುವಂಥವು, ಒಂದೊಂದೂ ಎಮ್ಮೆಕರುವಿನಷ್ಟು ಭಾರ.

"ಇವೆಲ್ಲ ಬೇಗ ಒಗೆದು ಕೊಡ್ಬೇಕಲ್ಲ ತಾಯಿ" ಎಂದ ಸಾಹೇಬ.

"ಕೊಡ್ತೀನಿ. ಆದ್ರೆ ಇಷ್ಟನ್ನ ಒಣಗಿಸೋಕೆ ಹಿಂದೆ ಜಾಗ ಸಾಲಲ್ಲ."

"ಮುಂದೆ ಹಾಕಿ. ಬಿಸಿಲೂ ಅಲ್ಲೇ ಚೆನ್ನಾಗಿದೆ."

ಅವಳು ಜಮೇದಾರನ ಮುಖ ನೋಡಿದಳು. ಅವನು ಬಾವಿಯ ರಾಟೆಯನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ರಸ್ತೇಲಿ ಹೋಗೋವ್ರು ಲೆಕ್ಕ ಹಾಕ್ತಾರಂತೆ, ಸಾಹೇಬ್ರೆ" ಎಂದಳು, ಆ ಕಡೆಯಿಂದ ಕಣ್ಣು ತೆಗೆಯದೆ.

"ಚಳಿಗಾಲ ಬರ್ತಾ ಇದೆ, ಕೋಟು ಒಗೆಸ್ತಾರೆ. ಇದರಲ್ಲೇನಿದೆ ಮುಚ್ಚಿಡೋಕೆ?" ಸಾಹೇಬ ನಕ್ಕು, ಅಂಗಳದ ಹಗ್ಗವನ್ನು ಒಮ್ಮೆ ಎಳೆದು ನೋಡಿ ಹೋದ.

ಅವರು ಹೋದ ಮೇಲೆ ಅವಳು ಮೊದಲ ಕೋಟನ್ನು ನೀರಿಗೆ ಹಾಕಲು ಎತ್ತಿಕೊಂಡಳು. ಅವಳ ಕೈ ಅಲ್ಲೇ ನಿಂತಿತು. ಕೋಟನ್ನು ಮೂಗಿನ ಹತ್ತಿರ ತಂದಳು. ನುಸಿಗುಳಿಗೆಯ ವಾಸನೆ. ಕಾಲರಿನ ಒಳಗೆ ಕತ್ತಿನ ಗೆರೆಯಿಲ್ಲ, ಕಂಕುಳಲ್ಲಿ ಉಪ್ಪಿನ ಕಲೆಯಿಲ್ಲ. ಇನ್ನೊಂದು ನೋಡಿದಳು. ಮತ್ತೊಂದು ನೋಡಿದಳು. ಪೆಟ್ಟಿಗೆಯಿಂದ ತೆಗೆದು ನೇರ ಗಾಡಿಗೆ ಹಾಕಿದ ಕೋಟುಗಳು ಅವು. ಶುಭ್ರವಾಗಿದ್ದ ಬಟ್ಟೆಯನ್ನು ಕೊಳೆಯೆಂದು ಹೇಳಿ ಕಳಿಸಿದ್ದರು.

ಬದುಕಿನಲ್ಲಿ ಮೊದಲ ಸಲ, ತನ್ನ ಕೆಲಸ ತನ್ನದಲ್ಲ ಎಂದು ಅವಳಿಗೆ ಅನ್ನಿಸಿತು. ಯಾರೋ ಆಡುವ ಆಟಕ್ಕೆ ತನ್ನ ಕಲ್ಲು, ತನ್ನ ಹಗ್ಗ, ತನ್ನ ಬಿಸಿಲು. ಆದರೂ ಒಗೆದಳು. ಬೇಡ ಎನ್ನಲು ಅವಳ ಬಳಿ ಏನು ಕಾರಣವಿತ್ತು? ಮಧ್ಯಾಹ್ನದ ಹೊತ್ತಿಗೆ ಮುಂದಿನ ಅಂಗಳದಲ್ಲಿ ಕೋಟುಗಳು ಸಾಲಾಗಿ ತೋಳು ಚಾಚಿ ನೇತಾಡುತ್ತಿದ್ದವು. ಪೇಟೆಗೆ ಹೋಗುವ ಬಸ್ಸುಗಳ ಕಿಟಕಿಗಳಲ್ಲಿ ತಲೆಗಳು ಒಂದೇ ಕಡೆ ತಿರುಗುತ್ತಿದ್ದವು.

ಸಂಜೆಯಾಗುವ ಮುಂಚೆಯೇ ನಲ್ಲಿಯ ಹತ್ತಿರ ಮಾತು ಶುರುವಾಯಿತು.

"ಗುಡ್ಡದ ಕಡೇನೇ ಅಂತಲ್ಲ?"

"ನನ್ನನ್ನ ಕೇಳಿದ್ರೆ? ನಾನೇನು ದಂಡಿನ ದೊರೆಸಾನಿಯಾ?"

"ಕೋಟು ನೀನೇ ತಾನೆ ಒಗೆದಿದ್ದು!"

"ಒಗೆಯೋಳಿಗೆ ಕೊಳೆ ಗೊತ್ತಾಗುತ್ತೆ, ದಾರಿ ಗೊತ್ತಾಗಲ್ಲ" ಎಂದು ಕೊಡ ಎತ್ತಿಕೊಂಡು ಬಂದಳು. ಕೊಳೆಯೇ ಇರಲಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಸೋಪು ಮಾರುವವನೊಬ್ಬ ಇತ್ತೀಚೆಗೆ ಆ ಬೀದಿಗೆ ಬರತೊಡಗಿದ್ದ. ಅವನ ಸೋಪು ಸೋವಿ, ಕೂರುವ ಹೊತ್ತು ಜಾಸ್ತಿ. ಆ ವಾರ ಬಂದವನು ಜಗಲಿಯ ಮೇಲೆ ಕೂತು ಕೋಟುಗಳನ್ನೇ ನೋಡುತ್ತ, "ಉಣ್ಣೆಗೆ ನನ್ನ ಸೋಪು ಆಗುತ್ತಾ ಅಮ್ಮಾ? ಇನ್ನೂ ಬರೋದಿದೆಯಾ ಇಂಥವು?" ಎಂದು ಕೇಳಿದ.

"ಸೋಪು ಮಾರೋಕೆ ಬಂದಿದ್ದೀಯೋ, ಸಂಬಂಧ ಕೇಳೋಕೆ ಬಂದಿದ್ದೀಯೋ?"

ಅವನು ನಕ್ಕ. ಆದರೆ ಅವನ ಕೈಗಳು ಸೋಪಿನವನ ಕೈಗಳಾಗಿರಲಿಲ್ಲ. ವರ್ಷಗಟ್ಟಲೆ ಸೋಪು ಮುಟ್ಟಿದ ಕೈ ಹೇಗೆ ಬಿರಿಯುತ್ತದೆಂಬುದಕ್ಕೆ ಅವಳು ತನ್ನ ಕೈಯನ್ನೇ ನೋಡಿಕೊಂಡರೆ ಸಾಕಿತ್ತು.

ಅಳಿಯನದೂ ಅದೇ ವಿಚಾರಣೆ. ಫೋನ್ ರಿಪೇರಿ ಅಂಗಡಿ ಇಟ್ಟವನು, ಸದಾ ಬೆರಳು ಫೋನಿನ ಮೇಲೆ. ಆ ವಾರ ಅತ್ತೆಯ ಮನೆಗೆ ಎರಡು ಸಲ ಬಂದ. ಎರಡು ಸಲವೂ ಒಂದೇ ಪ್ರಶ್ನೆ.

"ಅತ್ತೆ, ಶಿಬಿರದಿಂದ ಏನೇನು ಬಟ್ಟೆ ಬರ್ತಾ ಇದೆ? ನಿಮಗೇನನ್ಸುತ್ತೆ, ಯಾವ ಕಡೆ?"

"ನಿನಗ್ಯಾಕಪ್ಪ ಅದು?"

"ಸುಮ್ನೆ ಕೇಳ್ದೆ."

ಸುಮ್ಮನೆ ಕೇಳುವವನು ಎರಡು ಸಲ ಕೇಳುವುದಿಲ್ಲ. ಅವಳು ಅವನಿಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ.

ಕೋಟುಗಳ ಗಡಿಬಿಡಿ ಮುಗಿದ ಮೇಲೆ ಶಿಬಿರದ ಎಂದಿನ ಗಂಟು ಬಂತು. ಅದರ ಅಡಿಯಲ್ಲಿ ಒಂದಿಷ್ಟು ಪ್ಯಾಂಟುಗಳು ಬೇರೆಯಾಗಿ ಸುತ್ತಿಕೊಂಡಿದ್ದವು. ಬಿಡಿಸಿದರೆ ಮೊಣಕಾಲಿನವರೆಗೆ ಕಪ್ಪು ಕೆಸರು. ಆ ಕೆಸರು ಅವಳಿಗೆ ಚಿರಪರಿಚಿತ. ಅಳಿಯನ ಪ್ಯಾಂಟಿನ ಅಂಚಿನಲ್ಲಿ ಅಂಟಿ ಬರುವುದೂ ಅದೇ, ಎಷ್ಟು ತಿಕ್ಕಿದರೂ ಹಟ ಹಿಡಿದು ಕೂರುವ ಹೊಳೆದಂಡೆಯ ಕೆಸರು. ಯಾರೋ ಸಿಪಾಯಿಗಳು ಕತ್ತಲಲ್ಲಿ ಸೇತುವೆಯ ಕೆಳಗೆ ಇಳಿದು ನೀರಿನ ಆಳ ನೋಡಿ ಬಂದಿದ್ದರು.

ಗಂಜಿಯಮ್ಮ ಕಲ್ಲಿನ ಮೇಲೆ ಕೂತುಬಿಟ್ಟಳು. ಜಗತ್ತಿಗೆಲ್ಲ ಗುಡ್ಡ ತೋರಿಸಿ, ಕಾಲು ಇಡುವುದು ಹೊಳೆಗೆ. ಹೊಳೆಯ ದಂಡೆಯಲ್ಲಿ ಮಗಳು.

ಮೊದಲು ಮಾಡಿದ ಕೆಲಸವೆಂದರೆ ಆ ಪ್ಯಾಂಟುಗಳನ್ನು ಸೋಪುಪುಡಿಯಲ್ಲಿ ನೆನೆಸಿ, ಕೈ ಸೋಲುವವರೆಗೆ ತಿಕ್ಕಿ, ಕಪ್ಪು ಎನ್ನುವುದು ಎಳೆಯಷ್ಟೂ ಉಳಿಯದಂತೆ ಮಾಡಿದ್ದು. ಕೆಸರುನೀರನ್ನು ರಸ್ತೆಯ ಚರಂಡಿಗೆ ಬಿಡದೆ ಹಿತ್ತಿಲಿನ ಗುಂಡಿಗೆ ಸುರಿದಳು. ಸೋಪಿನವನ ಕಣ್ಣು ನೆನಪಾಗಿತ್ತು. ಆ ಪ್ಯಾಂಟುಗಳನ್ನು ತೊಡುವ ಹುಡುಗರು ಅವಳನ್ನು ಅಮ್ಮಾ ಎಂದು ಕರೆಯುತ್ತಿದ್ದವರು. ಯಾರ ಕಾಲರು ಬೇಗ ಸವೆಯುತ್ತದೆ, ಯಾರು ಜೇಬಿನಲ್ಲಿ ತಾಯಿಯ ಫೋಟೊ ಮರೆತು ಕಳಿಸುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತು.

ಎರಡನೆಯದನ್ನು ಹೇಗೆ ಮಾಡುವುದೆಂದು ತಿಳಿಯಲಿಲ್ಲ. ಮಗಳನ್ನು ಕರೆದುಕೊಂಡು ಬಂದುಬಿಟ್ಟರೆ? ನಲ್ಲಿಯ ಹತ್ತಿರದವರು ಸುಮ್ಮನಿರುತ್ತಾರೆಯೇ? ದಂಡಿನ ಬಟ್ಟೆ ಒಗೆಯುವವಳು ಸೇತುವೆ ಬೀದಿಯಿಂದ ಬಸುರಿ ಮಗಳನ್ನು ಎಬ್ಬಿಸಿಕೊಂಡು ಬಂದಳು ಎಂದರೆ ಸಾಕು, ಕೋಟುಗಳು ಹೇಳಿದ್ದೆಲ್ಲ ಒಂದೇ ಏಟಿಗೆ ಸುಳ್ಳಾಗುತ್ತದೆ. ಆ ಮಾತು ಹೊಳೆ ದಾಟಲು ಎಷ್ಟು ಹೊತ್ತು? ಆಚೆಯವರು ಎಚ್ಚೆತ್ತು ಕಾಯುತ್ತಿದ್ದರೆ ಆ ಹುಡುಗರ ಗತಿ? ಬೀಗಿತ್ತಿಗೆ ಗುಟ್ಟಾಗಿ ಹೇಳೋಣವೆಂದರೆ, ಅವಳ ಬಾಯಿಗೆ ಬಿದ್ದ ಗುಟ್ಟು ಬೀದಿಯ ತುದಿ ಮುಟ್ಟಿ ಹಿಂದಿರುಗಿ ಬರುತ್ತಿತ್ತು. ಅಳಿಯನಿಗೆ ಹೇಳೋಣವೆಂದರೆ ಅವನ ಮೇಲೇ ಗುಮಾನಿ. ಮಗಳು ಗಂಡನಿಂದ ಏನನ್ನೂ ಮುಚ್ಚಿಡುವವಳಲ್ಲ. ಸುದ್ದಿ ಸಾಹೇಬನನ್ನೇ ಕೇಳಿದರೆ, ನಿನಗೆ ಇದೆಲ್ಲ ಹೇಗೆ ಗೊತ್ತು ಎಂಬುದೇ ಅವನ ಮೊದಲ ಪ್ರಶ್ನೆಯಾಗುತ್ತದೆ. ಜೊತೆಗೆ, ತಾನು ಊಹಿಸಿದ್ದು ನಿಜವೆಂದು ಆಣೆ ಮಾಡಿ ಹೇಳುವವರು ಯಾರು? ಈ ಕೆಸರನ್ನೂ ಬೇಕೆಂದೇ ಕಳಿಸಿದ್ದರೆ?

ದೇವರ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತಳು. ನನಗೆ ಸತ್ಯ ತೋರಿಸು ಎಂದು ಬೇಡಿಕೊಳ್ಳಲು ಬಾಯಿ ಬರಲಿಲ್ಲ. ಮನಸ್ಸಿನಲ್ಲಿ ಅಷ್ಟು ಹೊತ್ತಿಗೆ ಒಂದು ಸುಳ್ಳು ಮೊಳೆತಿತ್ತು. "ಮಾಡಬಾರದ್ದನ್ನ ಮಾಡೋಕೆ ಹೊರಟಿದ್ದೀನಿ. ಆ ಮಗೂನ ಕಾಪಾಡು. ಲೆಕ್ಕ ಆಮೇಲೆ ನನ್ನ ಹತ್ರ ತಗೋ" ಎಂದಷ್ಟೇ ಹೇಳಿ ಎದ್ದಳು.

ಜನ ಸಂಸಾರದ ಜಗಳದಲ್ಲಿ ದಂಡಿನ ಸುದ್ದಿ ಹುಡುಕುವುದಿಲ್ಲ. ಬೀಗಿತ್ತಿಗೆ ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ಮನಸ್ಸು ನೋಯಿಸಿದರೆ ಕೈಚೀಲ ಹಿಡಿದು, ಊರಿನ ಇನ್ನೊಂದು ತುದಿಯಲ್ಲಿದ್ದ ತಮ್ಮನ ಮನೆಗೆ ಹೋಗಿ ಕೂರುವುದು. ಮಗನೊಡನೆ ಮಾತಿಗೆ ಮಾತಾದರೂ ಅಷ್ಟೆ, ಹಾಲಿನವನು ನೀರು ಬೆರೆಸಿದರೂ ಅಷ್ಟೆ. ಚೆನ್ನಾಗಿ ಒಂದು ಜಗಳ ಆಡಿದರೆ ಮಗಳು ತನ್ನ ಜೊತೆ ಬರುತ್ತಾಳೆ, ಬೀಗಿತ್ತಿ ತಮ್ಮನ ಮನೆಗೆ ಹೋಗುತ್ತಾಳೆ, ಇಬ್ಬರೂ ಸೇತುವೆಯಿಂದ ದೂರ. ಗಂಜಿಯಮ್ಮ ಹಾಕಿದ ಲೆಕ್ಕ ಇಷ್ಟೇ.

ಮರುದಿನ ಬೆಳಿಗ್ಗೆ, ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿರುವ ಹೊತ್ತು ನೋಡಿ ಹೋದಳು. ಬೀಗಿತ್ತಿ ಹೆರಿಗೆಗೆಂದು ಸಿದ್ಧಮಾಡಿದ ಹಾಸಿಗೆಯನ್ನು ತೋರಿಸಲು ಕೈ ಹಿಡಿದು ಒಳಗೆ ಕರೆದೊಯ್ದಳು. ಆ ಮನೆಯ ಹೊದಿಕೆಗಳೆಂದರೆ ಬೀಗಿತ್ತಿಯ ಪ್ರಾಣ. ಒಗೆತವೇ ಕಸುಬಾದ ಗಂಜಿಯಮ್ಮನಿಂದ ಒಂದು ಶಹಬಾಸ್ ಬರಲಿ ಎಂದು ಅವಳು ಮಗನ ಮದುವೆಯಾದಂದಿನಿಂದ ಕಾಯುತ್ತಿದ್ದಳು. ಹೊದಿಕೆ ಹಾಲಿನಂತಿತ್ತು. ಮೂಲೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

ಗಂಜಿಯಮ್ಮ ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಮೂಗಿನ ಹತ್ತಿರ ತಂದು, ಮುಖ ಸಿಂಡರಿಸಿದಳು.

"ಈ ಕೊಳಕಿನ ಮೇಲೆ ನನ್ನ ಮಗಳು ಹೆರಬೇಕಾ?"

"ಏನಂದ್ರಿ?" ಬೀಗಿತ್ತಿಗೆ ತಮಾಷೆಯೆಂದೇ ಅನ್ನಿಸಿ ಅರ್ಧ ನಗು ಮುಖದಲ್ಲೇ ಉಳಿದಿತ್ತು.

"ಅಂದದ್ದು ಕೇಳಿಸ್ಲಿಲ್ವಾ?" ಹೊದಿಕೆಯನ್ನು ಎಳೆದುಕೊಂಡೇ ಬೀದಿಗೆ ಬಂದಳು. "ನೋಡ್ರಮ್ಮ ಎಲ್ಲಾರೂ! ಶಿಬಿರದ ಸಿಪಾಯಿಗಳ ಕಾಲುಚೀಲ ಇದಕ್ಕಿಂತ ವಾಸಿ!"

"ಅಮ್ಮಾ, ನಿಂಗೇನು ಹುಚ್ಚು ಹಿಡಿದಿದೆಯಾ?" ಮಗಳು ಹೊಟ್ಟೆ ಹಿಡಿದುಕೊಂಡು ಓಡಿಬಂದಳು.

"ನಡಿ ಮನೆಗೆ. ಬರ್ತೀಯೋ, ಇಲ್ಲಾ ನಾನಿಲ್ಲೇ ಬೀದಿ ಮಧ್ಯೆ ಕೂತ್ಕೊಳ್ಳಲೋ?"

ಬೀಗಿತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸದಾ ವಟಗುಟ್ಟುವ ಬಾಯಿಂದ ಒಂದು ಮಾತು ಹೊರಡಲಿಲ್ಲ. ಅವಳು ತಿರುಗಿ ಬೈದಿದ್ದರೆ ಗಂಜಿಯಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಬೀದಿಯ ರಂಪ ನಿಲ್ಲಲಿ ಎಂಬ ಒಂದೇ ಕಾರಣಕ್ಕೆ ಮಗಳು ಅಳುತ್ತ ಹೊರಟಳು. ದಾರಿಯುದ್ದಕ್ಕೂ ತಾಯಿಯ ಕೈ ಮುಟ್ಟಲು ಬಿಡಲಿಲ್ಲ.

ನಲ್ಲಿಯ ಹತ್ತಿರ ಆ ವಾರ ದಂಡಿನ ಸುದ್ದಿ ಹಿಂದೆ ಬಿತ್ತು. ಎಲ್ಲರ ಬಾಯಲ್ಲೂ ಹೊದಿಕೆಯೇ. ಗಂಜಿಯಮ್ಮನಿಗೆ ಗಂಜಿ ತಲೆಗೇರಿದೆ ಎಂದರು. ಸೋಪಿನವನು ಕೂಡ "ಮಗಳು ಬಂದಿದ್ದಾಳಂತೆ?" ಎಂದು ಕೇಳಿ, ಹೊದಿಕೆಯ ಕಥೆ ಕೇಳಿ ನಕ್ಕು ಹೋದ. ಅಲ್ಲಿಯವರೆಗೆ ಎಲ್ಲವೂ ಅವಳು ಅಂದುಕೊಂಡಂತೆಯೇ ನಡೆಯಿತು.

ನಡೆಯದೆ ಹೋದದ್ದು ಒಂದೇ. ಬೀಗಿತ್ತಿ ತಮ್ಮನ ಮನೆಗೆ ಹೋಗಲಿಲ್ಲ.

ಹೆಂಡತಿಯನ್ನು ಕರೆದೊಯ್ಯಲು ಬಂದ ಅಳಿಯ ಈ ವಿಷಯ ಹೇಳಿದಾಗ ಗಂಜಿಯಮ್ಮನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆಯೇ ನಿಂತಿತು.

"ಯಾಕೆ ಹೋಗ್ಲಿಲ್ಲ? ಯಾವಾಗ್ಲೂ ಹೋಗ್ತಾರಲ್ಲ?"

"ಸಣ್ಣ ಮಾತಿಗಾದ್ರೆ ಹೋಗ್ತಿದ್ರು. ಇದು ಸಣ್ಣ ಮಾತಾ, ಅತ್ತೆ? ಮನೇಲಿರೋ ಹೊದಿಕೆ ಎಲ್ಲ ತೆಗೆದು ದಿನಾ ಬೆಳಿಗ್ಗೆ ಒಗೀತಾರೆ, ತಾರಸಿ ಮೇಲೆ ಬೀದಿಗೆ ಕಾಣೋ ಹಾಗೆ ಹರವ್ತಾರೆ. ಊರೆಲ್ಲ ನೋಡ್ಲಿ ಅಂತಾರೆ. ನೀವು ಬಂದು ತಪ್ಪಾಯ್ತು ಅನ್ನೋವರೆಗೂ ಕದಲಲ್ವಂತೆ."

ಅಂಗಿ ಸುಟ್ಟ ವಾಸನೆ ಬಂತು. ಅಷ್ಟು ವರ್ಷಗಳಲ್ಲಿ ಅವಳು ಸುಟ್ಟ ಮೊದಲ ಅಂಗಿ ಅದು.

ಹೋಗಿ ಕಾಲು ಹಿಡಿಯಲೇ ಎಂದುಕೊಂಡಳು. ಕಾಲು ಹಿಡಿದರೆ ಜಗಳ ಮುಗಿಯಿತು. ಜಗಳ ಮುಗಿದರೆ ಮಗಳು ಅಂದೇ ಸೇತುವೆ ಬೀದಿಗೆ ವಾಪಸು. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದಳು, ಒಳಕೋಣೆಯಲ್ಲಿ ಮಗಳು ನರಳುತ್ತ ಮಗ್ಗುಲು ಬದಲಿಸುವುದು ಕೇಳಿ ಹಿಂದಿರುಗಿದಳು. ನಾಳೆ ಬೇರೇನಾದರೂ ಉಪಾಯ ಹೊಳೆಯಲಿ ಎಂದು ದೇವರಿಗೆ ಕೈ ಮುಗಿದಳು. ಹೆಂಡತಿ ಬರುವವರೆಗೆ ತಾನೂ ಕದಲುವುದಿಲ್ಲವೆಂದು ಅಳಿಯ ಜಗಲಿಯ ಮೇಲೆ ಮುದುಡಿ ಮಲಗಿದ.

ಬೆಳಕು ಹರಿಯುವ ಹೊತ್ತಿಗೆ ಹೊಳೆಯ ಕಡೆಯಿಂದ ಸದ್ದು ಬಂತು. ಕಿಟಕಿಯ ಗಾಜು ನಡುಗಿತು. ಅಳಿಯ ಎದ್ದು ಕೂತು, "ಗುಡ್ಡದ ಕಡೆ ಅಲ್ವಾ?" ಎಂದ. ಮತ್ತೆ ಸದ್ದು ಬಂತು. ಅವನು ಚಪ್ಪಲಿಯಿಲ್ಲದೆ ಸೇತುವೆಯ ಕಡೆಗೆ ಓಡಿದ.

ಸೈನ್ಯ ಹೊಳೆ ದಾಟಿತು. ಆಚೆಯವರು ಹೆಚ್ಚಿನ ಜನರನ್ನು ಗುಡ್ಡದ ಮೇಲೆ ಕಾವಲಿಗೆ ನಿಲ್ಲಿಸಿದ್ದರಿಂದ ಸೇತುವೆಯಲ್ಲಿ ಬಹಳ ಹೊತ್ತು ಕಾದಾಡಬೇಕಾಗಲಿಲ್ಲವಂತೆ. ಆದರೆ ಓಡುವ ಮುಂಚೆ ಅವರು ಹಾರಿಸಿದ ಫಿರಂಗಿ ಗುಂಡುಗಳು ಈ ದಡದ ಮನೆಗಳ ಮೇಲೆ ಬಿದ್ದವು. ಬೀಗಿತ್ತಿ ಆಗಷ್ಟೇ ಒದ್ದೆ ಹೊದಿಕೆಗಳ ಬುಟ್ಟಿ ಹೊತ್ತು ತಾರಸಿ ಹತ್ತಿದ್ದಳು. ಮೋಟುಗೋಡೆ ಅವಳ ಕಾಲಿನ ಮೇಲೆ ಕುಸಿಯಿತು. ಹೆರಿಗೆಗೆಂದು ಹಾಸಿಗೆ ಹಾಸಿಟ್ಟಿದ್ದ ಕೋಣೆಯಲ್ಲಿ ಸೂರೇ ಉಳಿಯಲಿಲ್ಲ.

ಆ ವಾರವೇ ಮಗಳು ಸೇತುವೆ ಬೀದಿಯ ಕೊನೆಯ ಆಸ್ಪತ್ರೆಯಲ್ಲೇ ಹೆಣ್ಣುಮಗು ಹೆತ್ತಳು. ಕೆಳಗಿನ ವಾರ್ಡಿನಲ್ಲಿ ಬೀಗಿತ್ತಿ, ಕಾಲು ಕಟ್ಟಿಸಿಕೊಂಡು.

ಸೋಪು ಮಾರುವವನು ಮತ್ತೆ ಬರಲಿಲ್ಲ. ಶಿಬಿರದ ಗಂಟುಗಳು ಬಂದವು. ಗಂಜಿಯಮ್ಮ ಕಾಲರುಗಳ ಮೇಲಿನ ಗುರುತುಗಳನ್ನು ಒಂದೊಂದಾಗಿ ನೋಡಿದಳು. ಬಹುಪಾಲು ಅಂಗಿಗಳು ಹಿಂದಿರುಗಿ ಬಂದಿದ್ದವು. ಬಾರದ ಒಂದೆರಡು ಅಂಗಿಗಳ ಬಗ್ಗೆ ಯಾರನ್ನೂ ಕೇಳಲಿಲ್ಲ.

ಸುದ್ದಿ ಸಾಹೇಬನೂ ಬಂದ. ಅಂಗಳದ ಖಾಲಿ ಹಗ್ಗವನ್ನು ನೋಡುತ್ತ ನಿಂತ.

"ನಿಮ್ಮ ಮಗಳು ಸೇತುವೆ ಬೀದಿ ಬಿಟ್ಟು ಬಂದ್ಲು ಅಂತ ಕೇಳಿದಾಗ ನನ್ನ ಎದೆ ಧಸಕ್ ಅಂದಿತ್ತು ತಾಯಿ. ಆಮೇಲೆ ಹೊದಿಕೆ ಜಗಳ ಅಂತ ಗೊತ್ತಾಯ್ತು. ಒಳ್ಳೇ ಜಗಳ."

"ಆ ಕೋಟುಗಳು ಕೊಳೆ ಇರ್ಲಿಲ್ಲ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?"

"ಗೊತ್ತಾದ್ರೂ ಆಗದಿದ್ರೂ ನನಗೆ ವ್ಯತ್ಯಾಸ ಇರ್ಲಿಲ್ಲ. ನಾನು ಅವನ್ನ ನಿಮಗೆ ಕಳಿಸಿದ್ದಲ್ಲ. ನಿಮ್ಮ ಹಗ್ಗಕ್ಕೆ ಕಳಿಸಿದ್ದು." ಗುಡ್ಡದ ಕಡೆ ಕೈ ತೋರಿಸಿ ಹೇಳಿದ, "ಮೊದಲು ಮಾತು ಹೋಗ್ಬೇಕು, ಆಮೇಲೆ ಕಾಲು. ಮಾತು ಗುಡ್ಡ ಹತ್ತಿದ್ದಕ್ಕೇ ಹುಡುಗರ ಕಾಲಿಗೆ ಹೊಳೆ ಸಲೀಸಾಯ್ತು."

"ಸೇತುವೆ ಬೀದಿಯವರಿಗೆ ಒಂದು ಮಾತು ಕಳಿಸ್ಬಹುದಿತ್ತಲ್ಲ?"

ಸಾಹೇಬ ಹಗ್ಗವನ್ನು ಮತ್ತೊಮ್ಮೆ ಎಳೆದು ನೋಡಿ ಹೊರಟ. ಅವಳು ತಡೆಯಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಬ್ಬರು ಅವಳಿಗೆ ಕೇಳುವುದು ಬಾಕಿ ಇತ್ತು.

ಒಗೆದು ಮಡಚಿದ ಮಗುವಿನ ಬಟ್ಟೆಗಳನ್ನು ಹಿಡಿದು ಅವಳು ಕೆಳಗಿನ ವಾರ್ಡಿಗೆ ಹೋದಳು. ಬೀಗಿತ್ತಿಯ ಮಡಿಲಲ್ಲಿ ಮಗು ಮಲಗಿತ್ತು. ಪಕ್ಕದಲ್ಲಿ ಅಳಿಯ. ಗಂಜಿಯಮ್ಮ ನಿಂತೇ ಎಲ್ಲವನ್ನೂ ಹೇಳಿದಳು. ಕೋಟು, ಕೆಸರು, ಸೋಪಿನವನು, ತಮ್ಮನ ಮನೆಗೆ ಹೋಗುತ್ತಾರೆಂದು ತಾನು ನಂಬಿದ್ದು, ಏನನ್ನೂ ಬಿಡಲಿಲ್ಲ.

"ನನಗಾದ್ರೂ ಹೇಳ್ಬಹುದಿತ್ತಲ್ಲ, ಅತ್ತೆ" ಎಂದ ಅಳಿಯ. "ನಮ್ಮ ಬೀದಿ ಆಸ್ಪತ್ರೆಯೋ, ನಿಮ್ಮ ಮನೆಯೋ, ನಿಮ್ಮ ಮಗಳನ್ನ ಎಲ್ಲಿಗೆ ಕರ್ಕೊಂಡು ಹೋದ್ರೆ ಕ್ಷೇಮ ಅಂತ ತಿಳ್ಕೊಳ್ಳೋಕೆ ನಿಮ್ಮ ಹತ್ರ ಎರಡು ಸಲ ಬಂದೆ."

ಅವಳು ತಲೆ ತಗ್ಗಿಸಿದಳು. ಅವನ ಮಾತು ನಿಜವಿರಬಹುದು ಎಂದುಕೊಂಡಳು. ಮರುಕ್ಷಣವೇ, ಇರಬಹುದು ಎಂದುಕೊಂಡೆನಲ್ಲ, ಹೌದು ಎಂದುಕೊಳ್ಳಲಿಲ್ಲವಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಬೀಗಿತ್ತಿ ಮಗುವಿನ ತಲೆಯನ್ನು ತೋಳಿನ ಮೇಲೆ ಸರಿಮಾಡಿಕೊಂಡಳು. ಆಮೇಲೆ ಕೇಳಿದಳು:

"ಹಾಗಾದ್ರೆ ನನ್ನ ಹೊದಿಕೆ ಕೊಳೆ ಇರ್ಲಿಲ್ಲ?"

"ಹಾಲಿನ ಹಾಗಿತ್ತು. ನಾನು ಅಷ್ಟು ಚೆಂದ ಒಗೆದಿಲ್ಲ ಯಾವತ್ತೂ."

"ಅವತ್ತು ಬೀದೀಲಿ ಎಲ್ಲರ ಮುಂದೆ ಹೇಳಿದ್ದು ಸುಳ್ಳು. ಇವತ್ತು ಬೀದಿಯವರು ಯಾರೂ ಇಲ್ಲದಾಗ ಹೇಳ್ತಿರೋದು ನಿಜ. ಅಲ್ವಾ?"

"ದೇವರಾಣೆ."

"ಅವತ್ತು ನಿಮ್ಮ ಮುಖ ನೋಡಿ ನಾನು ಆ ಸುಳ್ಳನ್ನೇ ನಂಬಿದ್ದೆ" ಎಂದಳು ಬೀಗಿತ್ತಿ. ದನಿಯಲ್ಲಿ ಕೋಪ ಇರಲಿಲ್ಲ. "ಇವತ್ತೂ ಅದೇ ಮುಖ."

ಮಗು ಕಾಲು ಒದರಿ ಅತ್ತಿತು. ಬೀಗಿತ್ತಿ ಕೈ ಚಾಚಿ ಒಗೆದ ಬಟ್ಟೆಗಳಲ್ಲಿ ಒಂದನ್ನು ತೆಗೆದುಕೊಂಡಳು. ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೂಗಿನ ಹತ್ತಿರ ತಂದು, ನಿಧಾನವಾಗಿ, ಎರಡು ಸಲ ಮೂಸಿದಳು.

ಬೀಗಿತ್ತಿ ಬಟ್ಟೆಯನ್ನು ಮಗುವಿಗೆ ಸುತ್ತಿದಳು, ಅಂಚನ್ನು ಸರಿಮಾಡಿದಳು. ಅಷ್ಟು ಸಾಕೆಂದು ಗಂಜಿಯಮ್ಮ ಒದ್ದೆಯಾದ ಹಳೆಯ ಬಟ್ಟೆಯನ್ನು ಎತ್ತಿಕೊಂಡು, ಒಗೆಯಲು ಹೊರಗೆ ನಲ್ಲಿಯ ಕಡೆಗೆ ಹೋದಳು.